ಇಲ್ಲದ ಒಕ್ಕಲನ್ನು ಎಬ್ಬಿಸುವುದು ಹೇಗೆ?

ಹೊಸ ಮನೆಗಳ ಅಭಿವೃದ್ಧಿ ಶುಲ್ಕ ವಸೂಲು ಮಾಡುವ ಮಾನ್ಯ ಅಧಿಕಾರಿಗಳೇ,

ಅಂಬಲಪಾಡಿಯಲ್ಲಿ ನನ್ನ ಅಕ್ಕ ಅಪ್ಪಿ ಕಟ್ಟಿಸಿದ ಎರಡು ಕೋಣೆಯ ಹಂಚಿನ ಮನೆಯಲ್ಲಿ ಒಬ್ಬ ಒಕ್ಕಲು ಇದ್ದಾನೆಂದು ತಾವು ಆಜ್ಞೆ ಹೊರಡಿಸಿದ್ದೀರಿ. ಅವನನ್ನು ನಾವು ಯಾರೂ ನೋಡಿಲ್ಲ. ಅವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಆದರೆ ಅವನ ದೆಸೆಯಿಂದ ಅಕ್ಕನಿಗೆ ಸಿಗಬೇಕಾದ ಶುಲ್ಕದ ಸಹಾಯ ತಪ್ಪಿಹೋಗಿದೆ. ಆಜ್ಞೆಯನ್ನು ತಿದ್ದಿ ಎಂದು ಮೂರು ಸಲ ಅರ್ಜಿ ಕೊಟ್ಟೆ, ಉತ್ತರವಿಲ್ಲ. ಅದಕ್ಕೇ ಊರೆಲ್ಲ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ತಮ್ಮ ನಿಯಮ ಒಳ್ಳೆಯದೇ. ಹೊಸ ಮನೆ ಕಟ್ಟಿದವರು ರಸ್ತೆ, ಚರಂಡಿಗಾಗಿ ಶುಲ್ಕ ಕಟ್ಟಬೇಕು. ಕಟ್ಟದೆ ಬಾಗಿಲ ನಂಬರು ಇಲ್ಲ, ನಂಬರು ಇಲ್ಲದೆ ವಾಸವಿಲ್ಲ. ಬಡವರು ಸ್ವಂತ ವಾಸಕ್ಕೆ ಕಟ್ಟಿದ್ದರೆ ಮುಕ್ಕಾಲು ಪಾಲನ್ನು ಸರಕಾರವೇ ಭರಿಸುತ್ತದೆ, ಬಾಡಿಗೆಗೆ ಕೊಡುವವರಿಗೆ ಆ ಸಹಾಯವಿಲ್ಲ. ಆ ರಸ್ತೆ, ಚರಂಡಿ ಎಲ್ಲಿ ಎಂದು ನಾನು ಕೇಳುವುದಿಲ್ಲ. ಅಕ್ಕ ಈಗಲೂ ಆ ಹೊಸ ಮನೆಗೆ ಗದ್ದೆಯ ಹುಣಿಯ ಮೇಲೆ ನಡೆದೇ ಹೋಗಬೇಕು. ಗಂಡ ತೀರಿಹೋದ ಮೇಲೆ ಹದಿನೆಂಟು ವರ್ಷ ಬೀಡಿ ಕಟ್ಟಿ ಆ ಗೋಡೆಗಳನ್ನು ಎಬ್ಬಿಸಿದ ಹೆಂಗಸು ಬಡವಳಲ್ಲದಿದ್ದರೆ, ಬಡವರು ಎನ್ನುವುದು ಯಾರನ್ನು ಸ್ವಾಮಿ?

ಇನ್ನು ನನ್ನ ಅಪರಾಧ. ಇಪ್ಪತ್ತು ವರ್ಷಗಳಿಂದ ಕಚೇರಿಗಳ ಜಗಲಿಯಲ್ಲಿ ಕುಳಿತು ಊರವರ ಅರ್ಜಿ ಬರೆಯುವವನು ನಾನು. ಅಕ್ಕನ ಅರ್ಜಿಯನ್ನು ಅವಳ ಮಾತಿನಲ್ಲೇ ಬರೆದೆ: “ಬೇಶ ತಿಂಗಳ ಏಳಕ್ಕೆ ಒಕ್ಕಲು ಇಟ್ಟುಕೊಂಡಿದ್ದೇವೆ, ಅದಕ್ಕೆ ಮೊದಲು ನಂಬರು ಕೊಡಿಸಬೇಕು.” ಬೇಶ ಎಂದರೆ ಮೇ ನಡುವಿಗೆ ಹುಟ್ಟುವ ನಮ್ಮ ತುಳು ತಿಂಗಳು. ಹೊಸ ಮನೆಯಲ್ಲಿ ಹಾಲು ಉಕ್ಕಿಸಿ ಒಳಗೆ ಕಾಲಿಡುವುದನ್ನು ನಾವು ಮನೆ ಒಕ್ಕಲು ಎನ್ನುತ್ತೇವೆ. ಗೃಹಪ್ರವೇಶ ಎಂಬುದು ಆಮಂತ್ರಣದ ಕಾಗದ ಅಚ್ಚು ಹಾಕಿಸುವಷ್ಟು ಅನುಕೂಲ ಇದ್ದವರ ಮಾತು. ತಾವು ಘಟ್ಟದ ಮೇಲಿನವರು. ತಮಗೆ ಒಕ್ಕಲು ಎಂದರೆ ಗೇಣಿಯವನು, ಬಾಡಿಗೆಯವನು. ರಾಜ್ಯ ಒಂದಾಗಿ ಆರು ವರ್ಷ ದಾಟಿತು, ಕನ್ನಡವೂ ಒಂದಾಯಿತೆಂದು ನಾನು ನಂಬಿದ್ದು ತಪ್ಪು.

ವಿಚಾರಣೆಯ ದಿನ ನನ್ನನ್ನು ಹೊರಗೆ ನಿಲ್ಲಿಸಿದಿರಿ. ಬಾಗಿಲು ತೆರೆದೇ ಇತ್ತು, ಎಲ್ಲವೂ ಕೇಳಿಸಿತು.

“ಒಕ್ಕಲು ಇಟ್ಕೊಂಡಿರೋದು ನಿಜಾನೇನಮ್ಮ?” ಎಂದಿರಿ.

“ಹೌದು ಸ್ವಾಮಿ. ನೀವೂ ಬರಬೇಕು.”

“ಎಷ್ಟು ಒಕ್ಕಲು?”

“ಒಂದೇ ಅಲ್ವಾ? ಮನೆ ಒಂದೇ ಉಂಟಲ್ಲ!”

“ಅದರಿಂದ ಏನು ಬರುತ್ತೆ?”

“ಬರುವುದು ಎಂತದು ಸ್ವಾಮಿ, ಎಲ್ಲಾ ಖರ್ಚೇ,” ಎಂದು ಅಕ್ಕ ನಕ್ಕಳು. ಹದಿನೆಂಟು ವರ್ಷಗಳಲ್ಲಿ ಅವಳು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ಕೇಳಿರಲಿಲ್ಲ. ತಾವು ಆ ನಗುವನ್ನೂ ಸೇರಿಸಿ ಬರೆದಿರಿ: ಅರ್ಜಿದಾರಳು ಒಕ್ಕಲು ಇರುವುದನ್ನು ಒಪ್ಪಿರುತ್ತಾಳೆ, ಬಾಡಿಗೆಯ ಆದಾಯವನ್ನು ಮರೆಮಾಚಿ ವಿಚಾರಣೆಯನ್ನು ಹಗುರವಾಗಿ ಕಂಡಿರುತ್ತಾಳೆ, ಸಹಾಯ ನಿರಾಕರಿಸಲಾಗಿದೆ.

ನಾನು ಒಳಗೆ ಓಡಿಬಂದು ಅರ್ಥ ವಿವರಿಸಿದೆ. ಆಜ್ಞೆಯಾದ ಮೇಲೆ ಅರ್ಥ ಬದಲಾಗುವುದಿಲ್ಲ ಎಂದಿರಿ. ಒಕ್ಕಲು ಮನೆ ಖಾಲಿ ಮಾಡಿದ್ದಾನೆಂದು ಅವನಿಂದಲೇ ಸಹಿ ಹಾಕಿಸಿ ತಂದರೆ ಮರುಪರಿಶೀಲನೆ ಮಾಡುತ್ತೀರಂತೆ. ತಮ್ಮ ಗುಮಾಸ್ತ ಕ್ಲಾರೆನ್ಸರು ಇಲ್ಲಿಯವರೇ, ಅವರಿಗೆ ಆ ಶಬ್ದ ಚೆನ್ನಾಗಿ ಗೊತ್ತು. ತಲೆ ತಗ್ಗಿಸಿ ಕುಳಿತಿದ್ದವರು ಆಮೇಲೆ ಮೆಟ್ಟಿಲ ಹತ್ತಿರ ಬಂದು, “ಯಾರದ್ದಾದರೂ ಒಂದು ಸಹಿ ಹಾಕಿಸಿ ತನ್ನಿ ಮಾರಾಯ್ರೆ, ಕೆಲಸ ಮುಗಿಯುತ್ತದೆ,” ಎಂದರು.

ಅಕ್ಕ ಒಪ್ಪಲಿಲ್ಲ. “ಹೊಸ ಕಾನೂನಿನಲ್ಲಿ ಒಕ್ಕಲಿಗೇ ಹಕ್ಕು ಬರುತ್ತದೆ ಅಂತ ಎಲ್ಲರೂ ಹೇಳ್ತಾರೆ. ನಾಳೆ ಆ ಸಹಿ ಹಾಕಿದವನು ಅದೇ ಕಾಗದ ಹಿಡಿದು ಮನೆ ನನ್ನದು ಅಂದರೆ? ನಾನು ಎಲ್ಲಿಗೆ ಹೋಗುವುದು ತಮ್ಮಾ?” ಎಂದಳು. ಆಮೇಲೆ ಅವಳು ಒಂದೇ ಒಂದು ಮಾತು ಕೇಳಿದಳು: “ನಿನಗೆ ಗೃಹಪ್ರವೇಶ ಅಂತ ಬರೆಯಲಿಕ್ಕೆ ಬರುತ್ತಿತ್ತಲ್ಲ?” ಬರುತ್ತಿತ್ತು ಸ್ವಾಮಿ.

ಈಗ ನಮ್ಮ ಸ್ಥಿತಿ ನೋಡಿ. ಸಹಾಯವಿಲ್ಲದೆ ಶುಲ್ಕ ಕಟ್ಟಲಾಗದು. ಬೇಶದ ಹತ್ತನೆಯ ದಿನ ಪತ್ತನಾಜೆ, ಜಾತ್ರೆ, ಕೋಲಗಳಿಗೆ ಮಳೆಗಾಲದ ಮುಂಚಿನ ಕೊನೆಯ ದಿನ. ಅದು ಕಳೆದರೆ ನಮ್ಮ ಮನೆತನದಲ್ಲಿ ಒಕ್ಕಲು ಮಾಡುವ ಕ್ರಮವಿಲ್ಲ, ದೀಪಾವಳಿಯವರೆಗೆ ಕಾಯಬೇಕು. ಈಗಿರುವ ಬಾಡಿಗೆಯ ಬಿಡಾರವನ್ನು ಮಳೆಗೆ ಮೊದಲು ಬಿಡಲೇಬೇಕು. ಯಾವ ಕಡೆ ತಿರುಗಿದರೂ ಬಾಗಿಲು ಮುಚ್ಚಿದೆ, ಮತ್ತು ಪ್ರತಿ ಬಾಗಿಲಿನ ಮೇಲೂ ತಮ್ಮ ಮೊಹರು ಇದೆ.

ನಾನು ಕೇಳುವುದು ದಯೆಯಲ್ಲ. ಬೇಶ ಏಳರ ಒಳಗೆ ಆ ಆಜ್ಞೆಯನ್ನು ರದ್ದು ಮಾಡಿ, ಅಕ್ಕನ ಪಾಲಿನ ಸಹಾಯವನ್ನು ಮಂಜೂರು ಮಾಡಿ, ನಂಬರು ಕೊಡಿ. ಇನ್ನು ಮುಂದೆ ಬಡವರ ಅರ್ಜಿಯನ್ನು ತಿರಸ್ಕರಿಸುವ ಮೊದಲು ಅವರ ಮಾತಿನ ಅರ್ಥವನ್ನು ಪಕ್ಕದ ಮೇಜಿನವರಲ್ಲಾದರೂ ಕೇಳಿ.

ಇಲ್ಲವಾದರೆ ಮನೆಯನ್ನು ಮಾರುವುದೊಂದೇ ದಾರಿ. ಕಾರ್ಕಳದ ಕಲ್ಲಿನ ವ್ಯಾಪಾರಿಯೊಬ್ಬರು ಅದನ್ನು ಎರಡು ಸಲ ನೋಡಿ ಹೋಗಿದ್ದಾರೆ. ಪೂರ್ತಿ ಶುಲ್ಕ ಅವರೇ ಕಟ್ಟುತ್ತಾರಂತೆ. ಅಕ್ಕ ಬೇಕಾದರೆ ತಿಂಗಳ ಬಾಡಿಗೆ ಕೊಟ್ಟು ಅಲ್ಲೇ ಇರಬಹುದಂತೆ. ಆಗ ತಮ್ಮ ಆಜ್ಞೆ ಅಕ್ಷರಶಃ ನಿಜವಾಗುತ್ತದೆ: ಆ ಮನೆಯಲ್ಲಿ ಒಂದು ಒಕ್ಕಲು ಇರುತ್ತದೆ. ಅದರ ಹೆಸರು ಅಪ್ಪಿ.

ಇಂತಿ,
ಊರಿಗೆಲ್ಲ ಅರ್ಜಿ ಬರೆದುಕೊಟ್ಟು ಅಕ್ಕನದನ್ನೇ ಕೆಡಿಸಿದ
ಸರ್ವೋತ್ತಮ
ಉಡುಪಿ, ಮೇ ೧೯೬೩