ಸೋಮವಾರದ ಒಲೆ

೧೬ ಸೆಪ್ಟೆಂಬರ್ ೨೦೦೩

ಕುಂತೂರಿನ ನನ್ನ ದೊಡ್ಡಮ್ಮನಿಗೆ, ಮುಖ ಎತ್ತಲಾರದೆ ನಿನ್ನ ಪಾದ ನೋಡಿಕೊಂಡೇ ಗುರುಪ್ರಕಾಶ ಬರೆಯುವುದು.

ನಿನ್ನೆ ಬಂದವನು ತಟ್ಟೆಯಲ್ಲಿ ತಂಗಳು ಮುದ್ದೆ, ಮಜ್ಜಿಗೆ ಕಂಡು ಮುಖ ಸಿಂಡರಿಸಿದೆ. ಅಪರೂಪಕ್ಕೆ ಬಂದರೆ ಇದೇನಾ ಎಂದೂ ಅಂದುಬಿಟ್ಟೆ. ನೀನು ಸಿಟ್ಟಾಗಲಿಲ್ಲ. ಪಕ್ಕದಲ್ಲಿ ಕೂತು ಎಂದಿನಂತೆ ಕೇಳಿದೆ: "ನಿನ್ ಬೆಂಕಿ ಗಾಳಿಗೆ ನಿಂತ್ಕಂತಾ ಮಗ?" ಅದೆಲ್ಲ ನಿನಗೆ ಅರ್ಥವಾಗಲ್ಲ ಬಿಡು ಎಂದು ನಾನು ಎದ್ದು ಕೈ ತೊಳೆದೆ.

ಅರ್ಥವಾಗುವಂತೆ ಹೇಳಿದ್ದವನೂ ನಾನೇ. ಎರಡು ವರ್ಷದ ಹಿಂದೆ, ನಿನ್ನ ಒಲೆಯ ಮುಂದೆ ಕೂತು. ನಮ್ಮ ಲ್ಯಾಬಿನ ಕೊಳವೆಯಲ್ಲಿ ಗಾಳಿ ಸದ್ದಿಗಿಂತ ವೇಗವಾಗಿ ಓಡುತ್ತದೆ, ಅದರೊಳಗೆ ಸೀಮೆಎಣ್ಣೆಯನ್ನು ಮಂಜಿನಂತೆ ಚಿಮ್ಮಿಸಿ ಬೆಂಕಿ ಹಚ್ಚಬೇಕು. ಬರೀ ಉರಿ ಸಾಲದು, ಅದು ಸ್ಫೋಟದ ಅಲೆಯಾಗಿ ಆ ಗಾಳಿಗೆ ಎದುರು ನಿಲ್ಲಬೇಕು, ಮುಂದೆ ಅದರಿಂದ ಎಂಜಿನ್ ಓಡಿಸಬಹುದು ಎಂದಿದ್ದೆ. ಹಚ್ಚಿದ್ದೆಲ್ಲ ಕೊಚ್ಚಿಕೊಂಡು ಹೋಗುತ್ತಿದೆ ಎಂದು ಅತ್ತೂ ಇದ್ದೆ. ನೀನು ಸೆರಗಿನಿಂದ ನನ್ನ ಮುಖ ಒರೆಸಿ, "ಅಷ್ಟ್ ಗಾಳಿಲಿ ನಿಲ್ಲೋದು ಅಂದ್ರೆ ಸುಮ್ನೆ ಆದದಾ? ಮಾದಪ್ಪ ನಿಲ್ಲುಸ್ತಾನೆ ಬುಡು" ಅಂದೆ.

ನಿನ್ನೆ ಬಸ್ ಸ್ಟಾಪಿನವರೆಗೆ ಬಂದ ನಿನ್ನ ಸೊಸೆ ಕೋಮಲ ಅತ್ತಿಗೆ ತಡೆಯಲಾರದೆ ಹೇಳಿದರು: "ತಂಗ್ಳು ಅಂತ ಬೇಜಾರ್ ಮಾಡ್ಕಬೇಡಿ. ಸ್ವಾಮಾರ ನಮ್ಮನೇಲಿ ಒಲೆ ಅಚ್ಚಲ್ಲ. ನಿಮ್ ಬೆಂಕಿ ಗಾಳಿಲಿ ನಿಲ್ಲಗಂಟ ಅಂತ ಅತ್ತೆ ಮಾದಪ್ಪನ್ಗೆ ಅರಕೆ ಮಾಡ್ಕಂಡವ್ರೆ. ನಿಮ್ಗೆ ಯೋಳ್ಬೇಡ ಅಂದಿದ್ರು."

ದೊಡ್ಡಮ್ಮ, ಅದು ಸಂಕ್ರಾಂತಿ ಕಳೆದ ವಾರವೇ ನಿಂತಿತು. ಪಕ್ಕದ ಸಣ್ಣ ಕೊಳವೆಯಲ್ಲಿ ಮೊದಲು ಪುಟ್ಟ ಸ್ಫೋಟ ಮಾಡಿ, ಅದನ್ನು ದೊಡ್ಡ ಗಾಳಿಯೊಳಗೆ ನುಗ್ಗಿಸಿದೆವು. ಕಣ್ಣು ಮಿಟುಕಿಸುವಷ್ಟು ಹೊತ್ತು ಅಲೆ ಗಾಳಿಗೆ ಎದೆಕೊಟ್ಟು ನಿಂತಿತು. ಕುಣಿದೆವು, ಸ್ವೀಟ್ ಹಂಚಿದೆವು. ಪರದೇಶದ ಪಂಡಿತರಿಗೆಲ್ಲ ಬರೆದು ತಿಳಿಸಿದೆ. ನಿನಗೆ ಹೇಳಬೇಕು ಅನ್ನಿಸಲೇ ಇಲ್ಲ. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಸೋಮವಾರ ಶುಗರ್ ಫ್ಯಾಕ್ಟರಿಯಿಂದ ದಣಿದು ಬಂದ ಅಣ್ಣ, ಸ್ಕೂಲಿಂದ ಹಸಿದು ಬಂದ ನಿನ್ನ ಮೊಮ್ಮಗಳು ದೀಪ, ನೀನು, ಎಲ್ಲರೂ ನನಗಾಗಿ ತಂಗಳು ಉಂಡಿದ್ದೀರಿ. ಹರಕೆ ಫಲಿಸಿದ್ದು ನಿಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅತ್ತಿಗೆಗೆ ಅಲ್ಲೇ ಹೇಳಬಹುದಿತ್ತು. ಕೊಳ್ಳೇಗಾಲದ ಬಸ್ಸು ಬಂತು, ಕಳ್ಳನ ಹಾಗೆ ಹತ್ತಿ ಕೂತೆ. ನಾಚಿಕೆಯಿಂದ ಅವರಿಗೆ ಕೈಯೂ ಬೀಸಲಿಲ್ಲ.

ಅತ್ತಿಗೆ, ಈ ಕಾಗದ ಓದಿ ಹೇಳುವವರು ನೀವೇ ತಾನೆ. ಮುಂದಿನದನ್ನು ಸ್ವಲ್ಪ ಗಟ್ಟಿಯಾಗಿ ಓದಿ, ದೊಡ್ಡಮ್ಮನಿಗೆ ಈಚೆಗೆ ಕಿವಿ ಮಂದ.

ದೊಡ್ಡಮ್ಮ, ನನ್ನ ಬೆಂಕಿ ಗಾಳಿಗೆ ನಿಂತಿತು. ಈ ಸೋಮವಾರ ಒಲೆ ಹಚ್ಚು. ನಾನು ಬರುತ್ತೇನೆ. ಎಲ್ಲರಿಗೂ ಬಿಸಿ ಮುದ್ದೆ ಬಡಿಸು, ನನಗೆ ಮಾತ್ರ ಹಿಂದಿನ ರಾತ್ರಿಯದು ಒಂದು ಎತ್ತಿಟ್ಟಿರು.

ಮಾದಪ್ಪ ನಿನ್ನ ಮನೆಯನ್ನು ಬೆಚ್ಚಗಿಟ್ಟಿರಲಿ.

ನಿನ್ನ ಮಗ,
ಗುರುಪ್ರಕಾಶ