ಅಂಚಿನಲ್ಲಿದ್ದ ಕೈ

ಭಾನುವಾರ, ಮಾರ್ಚ್ ೧೪
ಬೆಳಿಗ್ಗೆ ಹತ್ತು ಗಂಟೆ

ಸ್ಟುಡಿಯೋ ಯಜಮಾನರಿಗೆ,

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರಿ ಎಂಬುದು ನಿಮ್ಮ ಪತ್ರದ ಧೈರ್ಯ ನೋಡಿಯೇ ಗೊತ್ತಾಯಿತು. ಮೂರು ವರ್ಷ ಒಂದು ಸಾಲು ಬರೆಯದವರು ಈಗ ಎರಡು ಪುಟ ಬರೆದಿದ್ದೀರಿ. ಮೊದಲ ಪುಟದ ತುಂಬ ಬೆಣ್ಣೆ. ನೀನು ಹೋದ ಮೇಲೆ ಪಾಸ್‌ಪೋರ್ಟ್ ಫೋಟೋವನ್ನು ಅಷ್ಟು ಅಚ್ಚುಕಟ್ಟಾಗಿ ಕ್ರಾಪ್ ಮಾಡುವವರು ಸಿಕ್ಕಿಲ್ಲ, ನಿನ್ನ ಕುರ್ಚಿ ಹಾಗೇ ಇದೆ, ಇತ್ಯಾದಿ. ಗಂಡನಾದವನು ಹೆಂಡತಿಯನ್ನು ನೆನೆಸಿಕೊಳ್ಳುವ ರೀತಿ ಇದು ಎಂದು ಓದಿ ನಕ್ಕೆ. ನಿಜವಾದ ವಿಷಯ ಬಂದದ್ದು ಎರಡನೇ ಪುಟದ ಕೊನೆಯಲ್ಲಿ.

ಹಾಡುಹಕ್ಕಿಗಳ ಪುಸ್ತಕ ತರುತ್ತಿರುವ ಪ್ರಕಾಶಕರು ನಿಮ್ಮ ‘ಬೆಳಗಿನ ಹಾಡು’ ಚಿತ್ರವನ್ನು ಮುಖಪುಟಕ್ಕೆ ಆರಿಸಿದ್ದಾರೆ. ಆದರೆ ಕ್ರಾಪ್ ಮಾಡದ ಮೂಲ ಚಿತ್ರವನ್ನು ತೋರಿಸಲೇಬೇಕು ಎಂದು ಷರತ್ತು ಹಾಕಿದ್ದಾರೆ. ಮೂಲ ಇರುವ ಡಿಸ್ಕ್ ನಾನು ಮನೆ ಬಿಡುವಾಗ ತಂದ ಪೆಟ್ಟಿಗೆಯಲ್ಲಿದೆ. ನಾನು ಅದನ್ನು ಹುಡುಕಿ, ಎಡಗಡೆಯ ಅಂಚನ್ನು ಗೊತ್ತಾಗದ ಹಾಗೆ ಎಲೆಗಳಿಂದ ಮುಚ್ಚಿ ನಿಮಗೆ ಕಳಿಸಬೇಕಂತೆ. ನಿನ್ನ ಕೈಕೆಲಸ ನಾಜೂಕು ಎಂದು ಬೇರೆ ಬರೆದಿದ್ದೀರಿ.

ಕಳಿಸುವುದಿಲ್ಲ. ಕಾರಣ ಬೇಕಾದರೆ ಮುಂದೆ ಓದಿ, ಬೇಡವಾದರೆ ಇಲ್ಲಿಗೇ ಮಡಚಿಡಿ.

ಆ ಬೆಳಿಗ್ಗೆ ನಿಮಗೆ ನೆನಪಿರಲೇಬೇಕು. ಸ್ಟುಡಿಯೋದ ಹಿಂದಿನ ಬೇಲಿಯಲ್ಲಿ ಉಲಿಯಕ್ಕಿ ಗೂಡು ಕಟ್ಟಿತ್ತು. ಹೆಬ್ಬೆರಳಿಗಿಂತ ಚೂರು ದೊಡ್ಡ ಹಕ್ಕಿ, ಎಲೆಯದೇ ಬಣ್ಣ. ಅಷ್ಟು ಸಣ್ಣ ಮೈಯೊಳಗಿಂದ ಅಷ್ಟು ದೊಡ್ಡ ದನಿ ಹೇಗೆ ಬರುತ್ತದೋ ಎಂದು ಗಿರಾಕಿಗಳಿಲ್ಲದಾಗ ನಾನು ಹಿತ್ತಿಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಹತ್ತು ದಿನ ದೂರದಿಂದಲೇ ಚಿತ್ರ ತೆಗೆದೆ. ನೀವು ಅವನ್ನು ನೋಡಿ, ಇದರಲ್ಲಿ ಹಕ್ಕಿ ಎಲ್ಲಿದೆ ತೋರಿಸು, ಸೊಪ್ಪಿನಂಗಡಿ ಇದ್ದ ಹಾಗಿದೆ ಎಂದಿರಿ. ಹಕ್ಕಿ ಚೌಕಟ್ಟು ತುಂಬಬೇಕು, ಹಿಂದೆ ಏನೂ ಇರಬಾರದು, ಕಣ್ಣಲ್ಲಿ ಬೆಳಕಿನ ಚುಕ್ಕೆ ಕಾಣಬೇಕು. ಅದೆಲ್ಲ ಪಾಸ್‌ಪೋರ್ಟ್ ಫೋಟೋದ ನಿಯಮ. ಗಿರಾಕಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಅಭ್ಯಾಸವಾದವರು ಗೂಡಿಗೂ ಅದನ್ನೇ ಮಾಡಿದಿರಿ. ಫೋಟೋ ಕತ್ತರಿಸುವ ಕತ್ತರಿಯನ್ನೇ ತಂದು ಗೂಡಿನ ಮುಂದಿನ, ಮೇಲಿನ ಎಲೆಗಳನ್ನೆಲ್ಲ ತೆಗೆದಿರಿ. ಆಮೇಲೆ ಎಡಗೈಯಿಂದ ಕೊಂಬೆ ಬಗ್ಗಿಸಿ, ಮೂರು ಮರಿಗಳೂ ಬಿಸಿಲಿಗೆ ಬರುವ ಹಾಗೆ ಹಿಡಿದುಕೊಂಡಿರಿ. ಕ್ಯಾಮೆರಾ ಹಿಡಿದು ನಾನು ಏಳು ಹೆಜ್ಜೆ ದೂರದಲ್ಲಿ ನಿಂತಿದ್ದೆ. ನೀವು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

“ಹಿಡ್ಕೊಂಡಿದೀನಿ, ಬೇಗ ಒತ್ತು.”

ಒತ್ತಿದೆ. ತಾಯಿಹಕ್ಕಿ ಗೂಡಿನ ಅಂಚಿಗೆ ಬಂದು ಕೂತಿತ್ತು. ಕೊಕ್ಕು ಅಗಲಿಸಿ, ಕತ್ತಿನ ಗರಿ ನಿಮಿರಿಸಿ, ನಿಮ್ಮ ಕೈಯನ್ನು ನೋಡಿ ಕಿರುಚುತ್ತಿತ್ತು. ಹತ್ತು ದಿನ ಆ ಜೋಡಿಯ ಹಾಡು ಕೇಳಿದ್ದ ನನಗೆ ಅದು ಹಾಡಲ್ಲ ಎಂದು ಆಗಲೇ ಗೊತ್ತಿತ್ತು.

ಮಧ್ಯಾಹ್ನ ಕಂಪ್ಯೂಟರ್ ಮುಂದೆ ನಾನು ಕೂತೆ. ನೀವು ಹಿಂದೆ ನಿಂತು, ಎಡಗಡೆ ತೆಗಿ, ಇನ್ನೂ ತೆಗಿ ಎನ್ನುತ್ತಾ ಹೋದಿರಿ. ಉಂಗುರವಿದ್ದ ಬೆರಳು ಹೋಯಿತು, ಮಣಿಕಟ್ಟು ಹೋಯಿತು, ಕತ್ತರಿಸಿದ ಎಲೆಗಳ ತೊಟ್ಟುಗಳು ಹೋದವು, ಕೆಳಗಿನ ಮರಿಗಳೂ ಹೋದವು. ಉಳಿದದ್ದು ಬಾಯಿ ತೆರೆದ ಒಂದು ಹಕ್ಕಿ ಮಾತ್ರ. ಸಂಜೆ ನಿಮ್ಮ ಅಕ್ಕ ಬಂದರು. “ಎಷ್ಟು ಚೆನ್ನಾಗಿ ಹಾಡ್ತಿದೆ ನೋಡೋ,” ಎಂದರು. ನೀವು ಅಲ್ಲೇ ಚಿತ್ರಕ್ಕೆ ಹೆಸರಿಟ್ಟಿರಿ, ಕೆಳಗೆ ನಿಮ್ಮ ಹೆಸರನ್ನೂ ಹಾಕಿದಿರಿ. ನಾನು ಚಹಾ ಮಾಡಲು ಒಳಗೆ ಹೋದೆ.

ಮಾರನೆಯ ದಿನ ಗೂಡು ಖಾಲಿಯಾಗಿತ್ತು. ಬೆಕ್ಕು ತಿಂದಿರಬೇಕು ಬಿಡು ಎಂದಿರಿ. ನಾನೂ ಹೂಂ ಎಂದೆ. ಎಲೆ ಮುಚ್ಚಿದ್ದಷ್ಟು ದಿನ ಯಾರ ಕಣ್ಣಿಗೂ ಬೀಳದ ಗೂಡು ಅದು.

ಆ ಚಿತ್ರ ನಿಮಗೆ ಬಹುಮಾನ ತಂದಿತು. ಅದನ್ನು ಬಾಗಿಲಷ್ಟು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದಿರಿ. ಎರಡು ವರ್ಷ ನಾನು ಅದರ ಕೆಳಗೆ ಕೂತು ಜನರ ಕಿವಿ, ಭುಜ ಅಳೆದು ಕ್ರಾಪ್ ಮಾಡಿದೆ. ಬಂದವರೆಲ್ಲ ನಿಮ್ಮನ್ನು ಹೊಗಳುವುದನ್ನು ಕೇಳಿದೆ. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳು. ಒಂದು ದಿನ ತಡೆಯಲಾರದೆ, ಇದನ್ನು ತೆಗೆದವಳು ನಾನು ಎಂದು ಗಿರಾಕಿಯೊಬ್ಬರ ಎದುರು ಹೇಳಿಬಿಟ್ಟೆ. ಬಟನ್ ಒತ್ತಿದವರೆಲ್ಲ ಫೋಟೋಗ್ರಾಫರ್ ಆಗುವುದಿಲ್ಲ ಎಂದು ನೀವು ನಕ್ಕಿರಿ, ಅವರೂ ನಕ್ಕರು. ನಾನು ಪೆಟ್ಟಿಗೆ ಕಟ್ಟಿದ್ದು ಆ ವಾರ. ನಿಮ್ಮ ಅಕ್ಕನಿಗೆ ಅಡುಗೆಮನೆ ಜಗಳ ಎಂದು ಹೇಳಿದ್ದೀರಂತೆ.

ಈಗ ನಾನು ಗುರುತಿನ ಚೀಟಿ ಮಾಡುವ ಕಚೇರಿಯೊಂದರಲ್ಲಿ ಅದೇ ಕಿವಿ-ಭುಜಗಳ ಕೆಲಸ ಮಾಡುತ್ತೇನೆ. ಇರುವುದು ಮೂರನೇ ಮಹಡಿಯ ಒಂದೇ ಕೋಣೆ. ಕಿಟಕಿಯ ಎದುರಿಗೆ ಒಂದು ಮರವಿದೆ, ಎಷ್ಟು ಕೈ ಚಾಚಿದರೂ ಅದರ ಎಲೆ ಸಿಗುವುದಿಲ್ಲ. ಅದಕ್ಕೆಂದೇ ಈ ಕೋಣೆ ಹಿಡಿದೆ. ಇಲ್ಲಿಂದ ತೆಗೆದ ಚಿತ್ರಗಳಲ್ಲಿ ಹಕ್ಕಿ ಎಲ್ಲಿ ಕೂತಿದೆಯೋ ಅಲ್ಲೇ ಇರುತ್ತದೆ. ಎಲೆ ಕಣ್ಣಿಗೆ ಅಡ್ಡ ಬಂದರೆ ಬರಲಿ. ಪಕ್ಕದವರು ಒಣಹಾಕಿದ ಅಂಗಿ ಮೂಲೆಯಲ್ಲಿ ಕಂಡರೆ ಕಾಣಲಿ. ಇಂಥ ಸೊಪ್ಪಿನಂಗಡಿಗಳನ್ನು ನಾನೂ ಅದೇ ಪ್ರಕಾಶಕರಿಗೆ ಕಳಿಸಿದ್ದೆ. ಆರು ಚಿತ್ರ ಒಪ್ಪಿದ್ದಾರೆ. ಈ ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ.

ಮೂಲ ಚಿತ್ರದಲ್ಲಿ ನಿಮ್ಮ ಕೈ ಮೊಣಕೈವರೆಗೂ ಇದೆ, ಉಂಗುರ ಸಮೇತ. ಕೊಂಬೆ ಹಿಡಿದವರಿಗೆ ಏಳು ಹೆಜ್ಜೆ ದೂರದಲ್ಲಿ ನಿಂತು ಬಟನ್ ಒತ್ತಲು ಬರುವುದಿಲ್ಲ. ಅದಕ್ಕೇ ನಿಮಗೆ ಆ ಅಂಚು ಬೇಡ, ಅದಕ್ಕೇ ನನಗೆ ಅದು ಬೇಕು. ಒಂದು ಎಲೆಯನ್ನೂ ಅಂಟಿಸದೆ ಇಡೀ ಚಿತ್ರವನ್ನು ನಾನೇ ಪ್ರಕಾಶಕರಿಗೆ ಕಳಿಸಿದ್ದೇನೆ. ತೆಗೆದವರು ಎಂಬಲ್ಲಿ ನನ್ನ ಹೆಸರಿದೆ. ಜೊತೆಗೆ ಒಂದು ಪುಟ ಬರೆದಿದ್ದೇನೆ: ಎಲೆ ಕತ್ತರಿಸಿದ್ದು, ಕೊಂಬೆ ಬಗ್ಗಿಸಿದ್ದು ನೀವು, ಒತ್ತಿದ್ದು, ಅಂಚು ತೆಗೆದದ್ದು ನಾನು. ಗೂಡು ಕೆಡಿಸಿದವರ ಯಾವ ಚಿತ್ರವನ್ನೂ ಹಾಕುವುದಿಲ್ಲ ಎಂಬುದು ಆ ಪುಸ್ತಕದ ನಿಯಮ. ನಿಮ್ಮ ಮುಖಪುಟ ಹೋಗುತ್ತದೆ, ನನ್ನ ಆರೂ ಹೋಗುತ್ತವೆ. ಹೋಗಲಿ. ಚಿತ್ರ ನನ್ನದು ಎಂದು ಎದೆ ತಟ್ಟಿ ಹೇಳಿದ ಮೇಲೆ ಅದರ ಪಾಪ ಮಾತ್ರ ನಿಮ್ಮದು ಎನ್ನಲು ನನಗೆ ನಾಚಿಕೆಯಾಗುತ್ತದೆ.

ಬಂದು ಬೇಡಿಕೊಳ್ಳುವ ಶ್ರಮ ತೆಗೆದುಕೊಳ್ಳಬೇಡಿ. ಲಕೋಟೆ ನಿನ್ನೆಯೇ ಅಂಚೆಗೆ ಹೋಗಿದೆ. ಆ ಕುರ್ಚಿಯ ಮೇಲೆ ಬೇರೆ ಯಾರನ್ನಾದರೂ ಕೂರಿಸಿ.

ಇಂತಿ,
ಕಾಗದಪತ್ರಗಳ ಪ್ರಕಾರ ಇನ್ನೂ ನಿಮ್ಮ ಹೆಂಡತಿ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ಮರಿಗಳನ್ನು ಒಯ್ದದ್ದು ಬೆಕ್ಕಲ್ಲ, ಕಾಗೆ. ಆಗ ನಾನು ಹಿತ್ತಿಲ ಬಾಗಿಲಲ್ಲೇ ಇದ್ದೆ, ಕೈಯಲ್ಲಿ ಕ್ಯಾಮೆರಾ ಇತ್ತು, ಬೆಳಕು ಚೆನ್ನಾಗಿತ್ತು. ಅದು ಮೂರು ಸಲ ಬಂತು. ಮೂರು ಚಿತ್ರ ತೆಗೆದೆ, ಓಡಿಸಲಿಲ್ಲ. ಆ ಮೂರನ್ನೂ ಅದೇ ಲಕೋಟೆಗೆ ಹಾಕಿದ್ದೇನೆ. ಅವುಗಳಲ್ಲಿ ನಿಮ್ಮ ಕೈ ಎಲ್ಲೂ ಇಲ್ಲ.