ತೊಳೆದ ನೀರಿನ ಜೊತೆ ಹೋದ ಬಾಯಾರಿಕೆ

ಗಂಟೆಯೂರು, ತಿದ್ದುಪಡಿಯ ನಂತರದ ಇನ್ನೂರ ಹನ್ನೊಂದನೆಯ ವರ್ಷ, ಹದಿಮೂರನೆಯ ತಿಂಗಳು

ಪ್ರಯೋಗಾಲಯದ ಹಿರಿಯರಿಗೆ, ನಿಮ್ಮ ಮರಿಮಕ್ಕಳ ಮರಿಮಗಳು ಶಿವಗಂಗವ್ವ ಮಾಡುವ ನಮಸ್ಕಾರ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮಲ್ಲಿ ಎಳೆಗೂಸಿಗೂ ಗೊತ್ತಿರುವ ಬಾಯಾರಿಕೆ ನಮಗೆ ಓದಿ ತಿಳಿದ ಸಂಗತಿ.

ನಮ್ಮೂರಿನಲ್ಲಿ ನೀರ್ಗಂಟೆ ಇದೆ. ಅದು ಹೊಡೆದಾಗ ಮದುವೆಯ ಅಕ್ಷತೆ ಕೈಯಲ್ಲಿದ್ದರೂ, ಜಗಳ ಅರ್ಧಕ್ಕೆ ಬಂದಿದ್ದರೂ ನಿಲ್ಲಿಸಿ ಎಲ್ಲರೂ ನೀರು ಕುಡಿಯುತ್ತೇವೆ. ಮಕ್ಕಳು ಮುಖ ಸಿಂಡರಿಸಿಕೊಂಡು ಕುಡಿಯುತ್ತಾರೆ. ಬೀಗರು ಬಂದರೆ ಮೊದಲು ಕೇಳುವುದು ದಾರಿಯಲ್ಲಿ ಗಂಟೆ ಕೇಳಿಸಿತೇ ಎಂದು. ನಮ್ಮ ದೇಹ ತಾನಾಗಿ ನೀರು ಕೇಳುವುದಿಲ್ಲ.

ಇದರ ಮೂಲ ನಿಮ್ಮ ಬೆಂಚಿನ ಮೇಲಿದೆ. ಯಾವ ಪ್ರೋಟೀನು ಯಾವುದರ ಜೊತೆ ಕೂಡುತ್ತದೆಂದು ತಿಳಿಯಲು ನೀವು ಒಂದಕ್ಕೆ ಹಿಡಿಕೆ ಕಟ್ಟಿ ಜೀವಕೋಶದ ರಸದಿಂದ ಎಳೆಯುತ್ತೀರಿ. ಅಂಟಿಕೊಂಡು ಬಂದವನ್ನು ಯಂತ್ರ ತೂಗಿ ಗುರುತಿಸುತ್ತದೆ. ರೋಬೋಟುಗಳು ಸಾವಿರಾರು ಪ್ರೋಟೀನುಗಳನ್ನು ಒಟ್ಟೊಟ್ಟಿಗೆ ಹೀಗೆ ಎಳೆಯುತ್ತವೆ. ತೂಗುವ ಮೊದಲು, ಸುಮ್ಮನೆ ಮೆತ್ತಿಕೊಂಡದ್ದು ಹೋಗಲೆಂದು ಉಪ್ಪುನೀರಿನಲ್ಲಿ ತೊಳೆಯುತ್ತೀರಿ. ನಕ್ಷೆ ಚೊಕ್ಕಟವಾಗಿರಬೇಕೆಂಬ ಹಟದಲ್ಲಿ ಎಲ್ಲವನ್ನೂ ಒಂದೇ ಬಿರುಸಿನಲ್ಲಿ ತೊಳೆದಿರಿ. ಬಾಯಾರಿಕೆ ಎಬ್ಬಿಸುವ, ಕ್ಷಣಮಾತ್ರ ಮುಟ್ಟಿ ಬಿಡುವ ಒಂದು ನಂಟು ಆ ನೀರಿನ ಜೊತೆ ಮೋರಿ ಸೇರಿತು. ನಕ್ಷೆಯಲ್ಲಿ ಆ ಪ್ರೋಟೀನು ಒಂಟಿಯಾಗಿ ಉಳಿಯಿತು. ಮುಂದೆ ಅದು ಮುಪ್ಪಿನಲ್ಲಿ ಮೂತ್ರಪಿಂಡ ಕೆಡಿಸುತ್ತದೆಂದು ತಿಳಿದಾಗ, ಹೇಗೂ ಯಾವುದಕ್ಕೂ ಬೇಡದ್ದೆಂದು ನಿಮ್ಮ ನಂತರದವರು ಹುಟ್ಟುವ ಮಕ್ಕಳಲ್ಲೇ ಅದನ್ನು ತೆಗೆದುಹಾಕಿದರು. ತಿದ್ದುಪಡಿ ಎಂದರೆ ಅದೇ. ಬಾಯಾರಿದೊಡನೆ ತೊಟ್ಟಿಗೆ ಓಡುವ ಆಡಿನ ಜೀವಕೋಶದಿಂದ ಅದೇ ಪ್ರೋಟೀನನ್ನು ಎಳೆದು ಮೆಲ್ಲಗೆ ತೊಳೆದು ನೋಡಿದಾಗ ನಮಗೆ ಆ ನಂಟು ಕಂಡಿತು. ಮರಳಿ ಕೂಡಿಸಹೋದರೆ ನಮ್ಮ ದೇಹ ಒಪ್ಪುತ್ತಿಲ್ಲ.

ನನ್ನ ಮಗ ಈರಣ್ಣ ವಿದ್ಯುತ್ ಮಾಡುವ ಗಾಳಿಕಂಬದ ರಿಪೇರಿಗೆಂದು ಗಂಟೆ ಕೇಳದಷ್ಟು ದೂರ ಹೋದ. ಕೆಲಸದ ಗುಂಗಿನಲ್ಲಿ ನೀರು ಮರೆತ. ಅವನ ಹೆಣ ಸಿಕ್ಕಾಗ ಪಕ್ಕದಲ್ಲಿ ನೀರಿನ ತತ್ರಾಣಿ ತುಂಬಿಯೇ ಇತ್ತು. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಹಿರಿಯರೆಂದು ಮುಚ್ಚಿಡಲಾರೆ. ಈಗ ಮಗಳು ಚಂಪವ್ವ ಅದೇ ಕೆಲಸಕ್ಕೆ ಹೊರಟಿದ್ದಾಳೆ. “ಅವ್ವಾ, ಆಡಿಗೆ ತಿಳಿತದ, ನನಗ್ಯಾಕ ತಿಳಿಯಂಗಿಲ್ಲ?” ಎಂದು ಕೇಳಿದಳು. ನಾನು ಅವಳ ತಲೆ ಬಾಚಿದೆ.

ಈ ಕಾಗದ ನಿಮ್ಮ ಕೈಸೇರುವ ಹೊತ್ತಿಗೆ ನೀವಿನ್ನೂ ತೊಳೆದಿರುವುದಿಲ್ಲ, ನಿಮಗಿನ್ನೂ ಸಮಯವಿದೆ. ಒಂದು ಪಾಲನ್ನಾದರೂ ಮೆಲ್ಲಗೆ ತೊಳೆಯಿರಿ. ಕಾಣದ ನಂಟನ್ನು ಇಲ್ಲವೆಂದು ಬರೆಯಬೇಡಿ, ನಮಗೆ ಕಾಣಲಿಲ್ಲ ಎಂದು ಬರೆಯಿರಿ. ಅಷ್ಟು ಮಾಡಿದರೆ, ನನ್ನ ಈರಣ್ಣ ಕಂಬದ ಕೆಳಗೆ ಕೆಲಸ ನಿಲ್ಲಿಸಿ, ಯಾರೂ ಹೇಳದೆಯೇ ನೀರಿಗೆ ಕೈಚಾಚುತ್ತಾನೆ.